ಬೆಣ್ಣೆಯ ಅಣ್ಣಂದಿರು

“ಮೂವತ್ತೊಂದು, ನಾಳೆ ಲಾರಿಗೆ,” ಎಂದಳು ದೊಡ್ಡಮ್ಮ, ಕೈಯಲ್ಲಿದ್ದ ಕಾಗದದಿಂದ ತಲೆಯೆತ್ತದೆ.

ಚೂಟಿ ದಡಬಡಿಸಿ ಅವಳೆದುರು ಬಂದು ನಿಂತಳು. ಕಿವಿಯ ಟ್ಯಾಗಿನಲ್ಲಿ ಮೂವತ್ತೊಂದು ಅಂತ ಇದ್ದರೇನು, ಅವನು ಅವಳ ಬೆಣ್ಣೆ! ತಾಯಿ ಹತ್ತಿರ ಸೇರಿಸದ ಆ ಮರಿಗೆ ಎರಡು ತಿಂಗಳು ಬಾಟಲಿ ಹಾಲು ಕುಡಿಸಿದವಳು ಅವಳೇ. ಲಾರಿ ಹೋಗುವುದೋ, ಕಸಾಯಿಖಾನೆಗೆ.

“ಮಂದೆಗೆ ಟಗರು ಮಾಡಿ ಇಟ್ಕೋತೀನಿ ಅಂದಿದ್ದೆ ಅಲ್ವಾ ದೊಡ್ಡಮ್ಮ? ನೋಡು, ಎಷ್ಟು ಗುಂಡುಗುಂಡಾಗಿದಾನೆ!”

“ಹೊರಗೆ ಗುಂಡಾಗಿದ್ರೆ ಆಯ್ತೇನೇ? ಒಳಗೆ ಮಾಂಸ ಎಷ್ಟು, ಕೊಬ್ಬು ಎಷ್ಟು ಅಂತ ಕೊಯ್ದ ಮೇಲೇ ಸರಿಯಾಗಿ ಗೊತ್ತಾಗೋದು. ಕೊಯ್ಸಿಕೊಂಡವನು ಮಂದೆಗೆ ಅಪ್ಪ ಆಗ್ತಾನಾ? ಅದಕ್ಕೇ ಅದೇ ಅಪ್ಪನಿಗೆ ಹುಟ್ಟಿದ ಅವನ ಅಣ್ಣಂದಿರನ್ನ ನೋಡೋದು. ಹೋದ ತಿಂಗಳು ಲಾರಿ ಹತ್ತಿದ ಮರಿಗಳ ಬಗ್ಗೆ ಕಸಾಯಿಖಾನೆಯವರು ಕೊಟ್ಟ ರಿಪೋರ್ಟ್ ಇದು. ಏಳನೇ ಟಗರಿನ ಮಕ್ಕಳಲ್ಲಿ ಬರೀ ಕೊಬ್ಬು. ಹನ್ನೆರಡರ ಮಕ್ಕಳು ಅಪರಂಜಿ. ನಿನ್ನ ಬೆಣ್ಣೆ ಏಳರ ಮಗ. ನಾನೇನು ಮಾಡ್ಲಿ ಕಂದಾ?”

ಬೆಣ್ಣೆ ಏಳರ ಮಗ ಅಲ್ಲವೇ ಅಲ್ಲ!

ಹುಟ್ಟಿದ ಮರಿಗಳ ಪುಸ್ತಕ ಬರೆಯುವುದು ಚೂಟಿಯ ಕೆಲಸ. ಏಳನೇ ಟಗರನ್ನು ನೋಡಬೇಕು, ಸುರುಳಿ ಕೊಂಬು, ರಾಜನ ಗತ್ತು! ಹನ್ನೆರಡೋ, ಅಳುಮುಂಜಿ ಮುಖದ ಬಡಕಲು. ಅಂಥವನನ್ನು ಬೆಣ್ಣೆಯ ಅಪ್ಪ ಅಂತ ಬರೆಯಲು ಅವಳಿಗೆ ಮನಸ್ಸೇ ಬಂದಿರಲಿಲ್ಲ. ಏಳು ಅಂತ ಗೀಚಿಬಿಟ್ಟಿದ್ದಳು.

ಈಗ ನಿಜ ಹೇಳಿದರೆ ದೊಡ್ಡಮ್ಮ ನಂಬುತ್ತಾಳಾ? ಮರಿ ಉಳಿಸಿಕೊಳ್ಳಲು ಕತೆ ಕಟ್ಟುತ್ತಿದ್ದೀಯ ಅಂದರೆ?

“ದೊಡ್ಡಮ್ಮ... ಅವನಪ್ಪ ಹನ್ನೆರಡು. ನಾನೇ ಬೇಕಂತ ತಪ್ಪು ಬರ್ದೆ. ಹನ್ನೆರಡು ನೋಡೋಕೆ ಚೆನ್ನಾಗಿಲ್ಲ ಅಂತ.” ಹೇಳುತ್ತಾ ಹೇಳುತ್ತಾ ಅಳುವೇ ಬಂತು.

ದೊಡ್ಡಮ್ಮ ಅವಳನ್ನೇ ದಿಟ್ಟಿಸಿದಳು. ಆಮೇಲೆ ಎದ್ದು ಗೋಡೆಯ ಹಲಗೆಯ ಹತ್ತಿರ ಹೋದಳು. ಯಾವ ಕುರಿಯನ್ನು ಯಾವ ಟಗರಿನ ಜೊತೆ ಬಿಟ್ಟಿದ್ದೆ ಎಂದು ಅವಳೇ ಅಲ್ಲಿ ಬರೆದಿಟ್ಟಿದ್ದಳು. ಬೆರಳು ಬೆಣ್ಣೆಯ ತಾಯಿಯ ನಂಬರಿನ ಮೇಲೆ ನಿಂತಿತು. ಪಕ್ಕದಲ್ಲಿ ಹನ್ನೆರಡು ಅಂತಿತ್ತು.

“ಅಲ್ವೇ ಕಳ್ಳಿ, ಸುಳ್ಳು ಬರ್ದು ನಿನ್ನ ಮರೀನೇ ಲಾರಿ ಹತ್ತಿಸ್ತಿದ್ಯಲ್ಲೇ!” ಎಂದು ದೊಡ್ಡಮ್ಮ ಅವಳ ಕಿವಿ ಹಿಂಡಿ, ಅದೇ ಕೈಯಿಂದ ಕಣ್ಣೊರೆಸಿದಳು. “ಪೆನ್ ತಗೋ, ನೀನೇ ತಿದ್ದು. ಇನ್ಮೇಲೆ ನೀನು ಬರ್ದಿದ್ದನ್ನ ನಾನೊಂದು ಸಲ ನೋಡ್ತೀನಿ.”

ಕಿವಿ ಹಿಂಡಿದ್ದಕ್ಕಿಂತ ಆ ಮಾತೇ ಚುರುಕ್ಕೆಂದಿತು. ಚೂಟಿ ತಲೆ ತಗ್ಗಿಸಿ ತಿದ್ದಿದಳು.

“ಹಾಗಾದ್ರೆ ಬೆಣ್ಣೆ ಉಳೀತಾನಾ?”

“ಉಳೀತಾನೆ. ಅವನ ಅಣ್ಣಂದಿರು ಉಳಿಸಿದ್ರು.”

ಚೂಟಿ ರಿಪೋರ್ಟ್ ಎಳೆದುಕೊಂಡಳು. ಹನ್ನೆರಡರ ಕೆಳಗೆ ನಾಲ್ಕು ನಂಬರುಗಳಿದ್ದವು. ಒಂಬತ್ತು ಅಂದರೆ ಅವಳ ಚಪ್ಪಲಿಯ ಬಾರು ಅಗಿದಿದ್ದ ಮರಿ. ಹದಿನಾಲ್ಕು, ಗುಡುಗು ಬಂದರೆ ಅವಳ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದ ಪುಕ್ಕಲ. ಉಳಿದ ಎರಡು ಮರಿಗಳ ಮುಖ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಅವಳು ದೊಡ್ಡಿಗೆ ಹೋದಳು. ಬೆಣ್ಣೆ ಓಡಿ ಬಂದು ಅವಳ ಅಂಗೈಗೆ ಮೂತಿ ಒತ್ತಿದ. ಅವನ ಕತ್ತು ತಬ್ಬಿ ಸ್ವಲ್ಪ ಹೊತ್ತು ಕೂತಳು. ಆಚೆ ಬದಿಯಲ್ಲಿ ನಾಳೆ ಲಾರಿ ಹತ್ತಲಿದ್ದ ಮರಿಗಳು ಹುಲ್ಲು ಮೇಯುತ್ತಿದ್ದವು. ಚೂಟಿ ಎದ್ದು ಅವುಗಳ ಹತ್ತಿರ ಹೋಗಿ, ಒಂದೊಂದರ ಮುಖವನ್ನೂ ನಿಧಾನವಾಗಿ ನೋಡಿದಳು.