ಸ್ಕ್ರೀನಿಗೆ ಬೀಸಿದ ಕೈ

"ಕೈ ಇಳಿಸಿ! ಯಾರಿಗೋ ಹೊಡೆಯೋಕೆ ಹೊರಟ ಹಾಗಿದೆಯಲ್ಲ!"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬಂದ ಮೊದಲ ದಿನವೇ ಹೀಗೆ ಮಾತಾಡೋದಾ?

ಅವಳು ಕೆಲಸ ಮಾಡುತ್ತಿದ್ದುದು ಊರಿಗೆ ನೀರು ಬಿಡುವ ಕಂಟ್ರೋಲ್ ರೂಮಿನಲ್ಲಿ. ಎದುರಿನ ಗೋಡೆ ತುಂಬಾ ಒಂದೇ ಸ್ಕ್ರೀನು. ಊರಿನ ಪೈಪುಗಳೆಲ್ಲ ಅದರಲ್ಲಿ ನೀಲಿ ಗೆರೆಗಳು. ಇನ್ನು ಮೌಸು ಬೇಡವಂತೆ! ದೂರ ನಿಂತು ಬೆರಳು ತೋರಿಸಿದರೆ ಬಿಳಿ ಚುಕ್ಕೆಯೊಂದು ಅಲ್ಲಿಗೆ ಹೋಗುತ್ತದೆ. ಅಂಗೈ ಪಕ್ಕಕ್ಕೆ ಬೀಸಿದರೆ ಬೇಡದ್ದು ಮಾಯ. ಇದನ್ನೆಲ್ಲ ಕಲಿಸೋಕೆ ಬಂದವನೇ ಈ ಇಂಜಿನಿಯರ್.

"ಮೆತ್ತಗೆ... ದೂರದಲ್ಲಿರೋ ನಿಮ್ಮವರನ್ನ ತೋರಿಸ್ತೀರಲ್ಲ, ಹಾಗೆ."

"ಯಾರನ್ನ ತೋರಿಸಲಿ? ನನಗ್ಯಾರಿದ್ದಾರೆ?"

ಬಾಯಿ ತಪ್ಪಿ ಬಂದುಬಿಟ್ಟಿತ್ತು! ಅಮ್ಮ ಹೋದ ಮೇಲೆ ಅವಳಿಗೆ ಕೈ ಬೀಸಿ ಕಳಿಸೋರೂ ಇರಲಿಲ್ಲ, ಕಾಯೋರೂ ಇರಲಿಲ್ಲ. ಅವನು ನಗಲಿಲ್ಲ. ಹೋಗಿ ಸ್ಕ್ರೀನಿನ ಪಕ್ಕ ನಿಂತ.

"ನನ್ನನ್ನೇ ತೋರಿಸಿ."

ತೋರಿಸಿದಳು. ಚುಕ್ಕೆ ಅವನ ಪಕ್ಕಕ್ಕೇ ಹೋಗಿ ನಿಂತಿತು, ಒಂಚೂರೂ ಅಲುಗಲಿಲ್ಲ. ಎದೆ ಮಾತ್ರ ಡವಡವ ಅಂತಿತ್ತು!

ಆಮೇಲೆ ಕೇಳಬೇಕೇ? ತನ್ನ ರೂಮಿಗೆ ಹೋದರೂ ಅವನದೇ ಧ್ಯಾನ. ಒಂದು ಸಂಜೆ ಹಾಸಿಗೆಯಲ್ಲಿ ಕೂತು ದೀಪದತ್ತ ಅಂಗೈ ಬೀಸಿದಳು. ದೀಪ ಆರಲಿಲ್ಲ. 'ಅಯ್ಯೋ ಹುಚ್ಚೀ!' ಅಂತ ಜೋರಾಗಿ ನಕ್ಕಳು. ಖಾಲಿ ರೂಮಿನಲ್ಲಿ ತನ್ನ ನಗು ತನಗೇ ಕೇಳಿಸಿ, ಯಾಕೋ ಅಳು ಬಂತು.

ಮರುದಿನ ಮಧ್ಯಾಹ್ನ ಧೈರ್ಯ ಮಾಡಿದಳು. ಅವನು ಹಿಂದಿನ ಸಾಲಿನಲ್ಲಿ ನಿಂತಿದ್ದ. ಎಲ್ಲರೂ ಫೋನಿನಲ್ಲಿ ಕೂಗಾಡುತ್ತಿದ್ದರು, ಮಾತು ಕೇಳಿಸುವಂತಿರಲಿಲ್ಲ. ಸ್ಕ್ರೀನಿಗೆ ಬೆನ್ನು ಮಾಡಿ, 'ಊಟಕ್ಕೆ ಬರ್ತೀರಾ?' ಎಂದು ಕೈಯಲ್ಲೇ ಕೇಳಿದಳು.

ಅವನು ಅವಳತ್ತಲೇ ನೋಡುತ್ತಾ ಅಂಗೈ ಬೀಸಿದ. ಮತ್ತೊಮ್ಮೆ ಬೀಸಿದ.

'ತೊಲಗು' ಅಂತಲಾ? ಅಷ್ಟು ಬೇಡವಾದೆನಾ?

ಅವಳು ತಿರುಗಿ ನೋಡದೆ ಹೊರಟುಹೋದಳು. ಆಮೇಲೆ ಅವನು ಎಷ್ಟು ಕೇಳಿದರೂ "ಏನಿಲ್ಲ" ಅನ್ನೋದೊಂದೇ ಉತ್ತರ. ಊರಾಚೆಯ ಪಂಪ್ ಹೌಸಿಗೆ ತಾನೇ ವರ್ಗ ಕೇಳಿದಳು. ಅಲ್ಲಿ ಗೇಟಿನಲ್ಲೊಬ್ಬ ಕಾವಲುಗಾರ, ಒಳಗೆ ಒಬ್ಬಳೇ ಕೂರಬೇಕು. ಕೂತರಾಯಿತು, ಅದೇನು ಹೊಸದೇ ಅವಳಿಗೆ?

ಕಂಟ್ರೋಲ್ ರೂಮಿನಲ್ಲಿ ಅವಳ ಕೊನೆಯ ದಿನ ಬಂತು. ಸ್ಕ್ರೀನಿನ ಮೇಲೆ ಕೆಂಪು ಎಚ್ಚರಿಕೆಗಳು ಒಂದರ ಹಿಂದೊಂದು ಬಂದು ಕೂತವು. ನೋಡಿ ಮುಗಿಸಿದ್ದನ್ನೆಲ್ಲ ಅಂಗೈ ಬೀಸಿ ಸರಿಸತೊಡಗಿದಳು.

"ಓಹೋ! ಬೇಡ ಅಂದ್ರೆ ಬಾಯಲ್ಲಿ ಹೇಳಮ್ಮ! ನಾನೇನು ನೊಣಾನಾ, ಹಾಗೆ ಓಡಿಸೋಕೆ?"

ಎದುರಿಗೆ ಟ್ರೇ ಹಿಡಿದ ಟೀ ಅಕ್ಕ!

"ಅಯ್ಯೋ ಅಕ್ಕಾ, ನಿಮಗಲ್ಲ! ನಿಮ್ಮ ಹಿಂದಿರೋ ಸ್ಕ್ರೀನಿಗೆ..."

ಮಾತು ಅಲ್ಲೇ ನಿಂತಿತು. ಅವತ್ತು ತಾನು ನಿಂತಿದ್ದೂ ಅಲ್ಲೇ. ಸ್ಕ್ರೀನಿಗೂ ಅವನಿಗೂ ನಡುವೆ!

"ಏನಾಯ್ತಮ್ಮ? ಟೀ ಆರ್ತಿದೆ..."

ಅವಳಾಗಲೇ ಹಿಂದಿನ ಸಾಲಿಗೆ ಓಡಿದ್ದಳು.

"ಅವತ್ತು ನಾನು ಊಟಕ್ಕೆ ಕರೆದಾಗ ಕೈ ಬೀಸಿದ್ರಲ್ಲ... ಯಾರಿಗೆ?"

"ನೀವು ಕರೆದ್ರಾ? ನಾನು ನೋಡಲೇ ಇಲ್ಲ!" ಅವನು ಕಣ್ಣರಳಿಸಿದ. "ಸ್ಕ್ರೀನಿನಲ್ಲಿ ಸರಿಯಾಗಿ ನಿಮ್ಮ ತಲೆ ಮೇಲೆ ಕೆಂಪು ಪಟ್ಟಿ ಬಂದು ಕೂತಿತ್ತು. ಅದನ್ನ ಸರಿಸಿ ನೋಡಿದ್ರೆ ನೀವೇ ಇರಲಿಲ್ಲ! ಅದಕ್ಕಾ... ಪಂಪ್ ಹೌಸ್ ಕೇಳಿದ್ದು?"

ಅವಳು ತಲೆ ತಗ್ಗಿಸಿದಳು. "ಬೇಡ ಅಂದ್ರಿ ಅಂದ್ಕೊಂಡೆ."

"ನಾನೂ ಹಾಗೇ ಅಂದ್ಕೊಂಡೆ. ನನ್ನ ಮುಖ ನೋಡೋಕೇ ಇಷ್ಟ ಇಲ್ಲ ಅಂತ..."

ಅವನು ಎದ್ದು ಹೋಗಿ, ಕೈ ಗಮನಿಸುವ ಕ್ಯಾಮೆರಾ ಆಫ್ ಮಾಡಿದ. ಗೋಡೆಯ ಮೇಲಿನ ಬಿಳಿ ಚುಕ್ಕೆ ಮಾಯವಾಯಿತು. ಅಲ್ಲಿಂದಲೇ ಕೈಯೆತ್ತಿ, 'ಬನ್ನಿ' ಎಂದು ಕರೆದ.

"ಯಾರಿಗೆ?" ಅವಳ ಕಣ್ಣು ತುಂಬಿತ್ತು.

"ಕ್ಯಾಮೆರಾ ಆಫ್ ಇದೆ. ಈ ಕೈ ನಿಮಗೇ. ನೀವಂದ್ರೆ ನನಗೆ ತುಂಬಾ ಇಷ್ಟ..."

ಅವಳು ಹತ್ತಿರ ಬಂದಳು. "ನಾಳೆಯಿಂದ ನಾನು ಪಂಪ್ ಹೌಸಿನಲ್ಲಿರ್ತೀನಿ. ಒಬ್ಬಳೇ."

"ಸಂಜೆ ಗೇಟಿನ ಹತ್ತಿರ ಬಂದು ನಿಲ್ತೀನಿ. ಇವರ್ಯಾರು ಅಂತ ಕಾವಲುಗಾರ ನಿಮ್ಮನ್ನ ಕೇಳಿದ್ರೆ?"

ಅವಳು ಮೆತ್ತಗೆ ಬೆರಳೆತ್ತಿ ಅವನನ್ನು ತೋರಿಸಿದಳು.

"ನಮ್ಮವರು ಅಂತೀನಿ."