ಹನ್ನೊಂದು ತಪ್ಪುಗಳ ರಕ್ತಪಿಶಾಚಿ

ನನಗೆ ಮುಖ ನೆನಪಿಡಲು ಬರುತ್ತಿರಲಿಲ್ಲ.

ನರ ನೆನಪಿರುತ್ತಿತ್ತು. ಆಸ್ಪತ್ರೆಯ ರಕ್ತನಿಧಿಯಲ್ಲಿ ನಾನು ಟೆಕ್ನಿಷಿಯನ್. ಆರು ವರ್ಷದಿಂದ ಜನರ ಮೊಣಕೈಯ ಒಳಮಗ್ಗುಲನ್ನೇ ನೋಡಿಕೊಂಡು ಬಂದವಳು. ಒಮ್ಮೆ ಕ್ಯಾಂಟೀನಿನಲ್ಲಿ ಯಾರೋ ಎದುರು ಕೂತು ಹತ್ತು ನಿಮಿಷ ಮಾತಾಡಿದರು. ಗುರುತು ಸಿಗದೆ ಹೂಂ ಹೂಂ ಎನ್ನುತ್ತಿದ್ದೆ. ಕೈ ತೊಳೆಯಲು ಅವರು ತೋಳು ಮಡಿಸಿದಾಗ ಗೊತ್ತಾಯಿತು, ನಮ್ಮ ಸೂಪರಿಂಟೆಂಡೆಂಟ್.

ಚಿಕ್ಕಮ್ಮ ಇದನ್ನು ಸೊಕ್ಕು ಎನ್ನುತ್ತಿದ್ದಳು. ಇದೇ ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದವಳು. ಸುಮ್ಮನೆ ಮನೆಯಲ್ಲಿ ಕೂರಲಾಗದೆ ಸಿಬ್ಬಂದಿಯ ಓದುವ ಕೋಣೆ ನೋಡಿಕೊಳ್ಳುತ್ತಿದ್ದಳು. ಎರಡು ಬೀರು, ಒಂದು ಮೇಜು, ಕಾಲು ಅಲುಗಾಡುವ ನಾಲ್ಕು ಕುರ್ಚಿ. ಪ್ರತಿ ಪುಸ್ತಕದ ಹಿಂದೆ ಗೆರೆ ಹಾಕಿದ ಒಂದು ಹಾಳೆ ಅಂಟಿಸಿಡುತ್ತಿದ್ದಳು. ಓದಿದವರು ಅದರಲ್ಲಿ ಅಭಿಪ್ರಾಯ ಬರೆಯಲೇಬೇಕು, ಕೆಳಗೆ ಹೆಸರು ಹಾಕಬಾರದು, ಕೆಲಸ ಹಾಕಬೇಕು. ಹೆಸರು ಹಾಕಿದರೆ ಜನ ಸುಳ್ಳು ಬರೆಯುತ್ತಾರೆ ಎಂಬುದು ಅವಳ ಅನುಭವ.

‘ಚುರ್ ಅನ್ನುತ್ತೆ ಅಷ್ಟೇ’ ಎಂಬ ಕಾದಂಬರಿ ಬಂದ ಎರಡೇ ವಾರಕ್ಕೆ ಆ ಹಾಳೆ ತುಂಬಿಹೋಯಿತು. ಲೇಖಕರ ಹೆಸರಿರಬೇಕಾದ ಜಾಗದಲ್ಲಿ ‘ಹಗಲುಪಾಳಿ’ ಎಂದಿತ್ತು. ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ಕಥೆಗಿಂತ ಮೊದಲು ಹಾಳೆ ಓದಿದೆ.

‘ನಿದ್ದೆ ಬರಲಿ ಅಂತ ತೆಗೆದುಕೊಂಡೆ. ಬರಲಿಲ್ಲ. ನನ್ನ ವೃತ್ತಿಗೇ ಅವಮಾನ.’ ಇದು ಅರಿವಳಿಕೆ ಡಾಕ್ಟರ್.

‘ಕೋರೆಹಲ್ಲು ಚುಚ್ಚುತ್ತದೆ, ಹೀರುವುದಿಲ್ಲ. ಹಲ್ಲೊಳಗೆ ಕೊಳವೆ ಇಲ್ಲ. ಆದರೂ ಎರಡು ಸಲ ಓದಿದೆ.’ ದಂತವೈದ್ಯರು.

‘ಈತ ಬೆಳಿಗ್ಗೆ ಒಂದೇ ಸಲ ಸನ್‌ಸ್ಕ್ರೀನ್ ಹಚ್ಚಿಕೊಂಡು ದಿನವಿಡೀ ಬಿಸಿಲಲ್ಲಿ ತಿರುಗುತ್ತಾನೆ. ಎರಡು ಗಂಟೆಗೊಮ್ಮೆ ಹಚ್ಚಬೇಕು. ನಮ್ಮಂಥವರಿಗೇ ಚರ್ಮ ಸುಡುತ್ತದೆ, ಇವನು ಬೂದಿಯಾಗಬೇಕಿತ್ತು.’ ಚರ್ಮದ ಡಾಕ್ಟರ್.

ಲಾಂಡ್ರಿ ಅಕ್ಕನದು ಎಲ್ಲರಿಗಿಂತ ಉದ್ದ. ‘ನಾನೂರು ವರ್ಷ ರಕ್ತ ಕುಡಿದವನಿಗೆ ರಕ್ತದ ಕಲೆಗೆ ಬಿಸಿನೀರು ಹಾಕಬಾರದು ಅಂತ ಗೊತ್ತಿಲ್ಲ. ತಣ್ಣೀರಲ್ಲಿ ಹೋಗುತ್ತದೆ, ಬಿಸಿ ತಾಗಿದರೆ ಕೂತೇಬಿಡುತ್ತದೆ. ಲಿಫ್ಟಿನ ಅಧ್ಯಾಯ ಓದಿದ ಮೇಲೆ ನನಗೆ ಲಿಫ್ಟಿನ ಭಯ ಹೋಯಿತು, ಅದಕ್ಕೆ ಥ್ಯಾಂಕ್ಸ್. ಆದರೆ ಆ ಹುಡುಗಿ? ಕಲ್ಲಿಗೆ ಬಿಳಿ ಕೋಟು ಹಾಕಿದ ಹಾಗಿದ್ದಾಳೆ.’

ಹುಡುಗಿಯ ಬಗ್ಗೆ ಹದಿನಾಲ್ಕರಲ್ಲಿ ಒಂಬತ್ತು ಜನ ಇದನ್ನೇ ಬರೆದಿದ್ದರು. ಪಾಪ, ಅಂಥದ್ದೇನು ಮಾಡಿದಳು ನೋಡೋಣ ಅಂತ ಪುಸ್ತಕ ತೆಗೆದುಕೊಂಡೆ.

ಕಥೆ ಇಷ್ಟೇ. ನಾಚಿಕೆ ಸ್ವಭಾವದ ಒಬ್ಬ ರಕ್ತಪಿಶಾಚಿ ರಕ್ತನಿಧಿಯ ಹುಡುಗಿಯನ್ನು ಪ್ರೀತಿಸುತ್ತಾನೆ. ಕದಿಯಲು ಬಂದವನು ಅವಳ ಎದುರು ಕೂರುವ ಆಸೆಗೆ ದಾನಿಗಳ ಸಾಲಿನಲ್ಲಿ ನಿಲ್ಲುತ್ತಾನೆ. ಮೂರು ತಿಂಗಳಿಗೊಮ್ಮೆ ಬಂದು ರಕ್ತ ಕೊಟ್ಟು, ಹಸಿದ ಹೊಟ್ಟೆಯಲ್ಲಿ ಬಿಸ್ಕೆಟ್ ತಿಂದು ಹೋಗುತ್ತಾನೆ. ನಾನು ಊಟದ ವಿರಾಮದಲ್ಲಿ ಒಬ್ಬಳೇ ಕೂತು ಜೋರಾಗಿ ನಕ್ಕೆ.

ಮೂವತ್ತೊಂದನೇ ಪುಟದಲ್ಲಿ ನಗು ನಿಂತಿತು. ಅಲ್ಲಿ ಹುಡುಗಿ ಹೇಳುತ್ತಾಳೆ: ‘ಮುಷ್ಟಿ ಬಿಗಿ ಹಿಡೀರಿ, ಉಸಿರಲ್ಲ.’

ಅದು ನನ್ನ ಮಾತು. ಯಾರಿಂದಲೂ ಕಲಿತದ್ದಲ್ಲ. ಭಯಪಟ್ಟವರು ಉಸಿರು ಕಟ್ಟುತ್ತಾರೆ, ಅದಕ್ಕೆ ನಾನೇ ಮಾಡಿಕೊಂಡ ಮಾತು. ಪುಸ್ತಕದ ಹೆಸರೂ ನನ್ನದೇ, ಸೂಜಿ ಚುಚ್ಚುವ ಮುಂಚೆ ನಾನು ದಿನಕ್ಕೆ ಇಪ್ಪತ್ತು ಸಲ ಅನ್ನುವಂಥದ್ದು. ಆ ಹುಡುಗಿ ನನ್ನ ಹಾಗೇ ನರವನ್ನು ಎರಡು ಸಲ ತಟ್ಟುತ್ತಿದ್ದಳು. ಮತ್ತು ಒಂದು ಸಲವೂ ತಲೆ ಎತ್ತುತ್ತಿರಲಿಲ್ಲ.

ರಕ್ತಪಿಶಾಚಿ ಒಂದು ಕಡೆ ಅಂದುಕೊಳ್ಳುತ್ತಾನೆ: ‘ಕನ್ನಡಿಯಲ್ಲಿ ಕಾಣುವುದಿಲ್ಲ ಅಂತ ನಾನೂರು ವರ್ಷ ಬೇಜಾರಾಗಲಿಲ್ಲ. ಇವಳ ಕಣ್ಣಿಗೂ ಕಾಣುವುದಿಲ್ಲವಲ್ಲ, ಅದಕ್ಕೆ ಬೇಜಾರು.’ ಕೊನೆಯ ಪುಟದಲ್ಲಿ ಅವನು ಊರು ಬಿಡುತ್ತಾನೆ. ಅವಳು ಮುಂದಿನವರನ್ನು ಕರೆಯುತ್ತಾಳೆ.

ನನಗೆ ಮೈಯೆಲ್ಲ ಉರಿಯಿತು. ಚಿಕ್ಕಮ್ಮ ಎರಡನೇ ಹಾಳೆ ಅಂಟಿಸಿದ್ದಳು. ಅದರ ಮೊದಲರ್ಧ ನಾನೇ ತುಂಬಿಸಿದೆ, ಹನ್ನೆರಡು ತಪ್ಪು. ರಕ್ತದ ಚೀಲವನ್ನು ಐಸ್ ಟ್ರೇ ಪಕ್ಕ ಇಟ್ಟಿದ್ದಾನೆ. ಹಾಗೆ ಗಟ್ಟಿಯಾದರೆ ಕಣ ಒಡೆದುಹೋಗುತ್ತದೆ. ಆರು ತಿಂಗಳ ಹಳೆಯದು ಕುಡಿಯುತ್ತಾನೆ. ನಲವತ್ತೆರಡು ದಿನ ದಾಟಿದರೆ ನಾವು ಇಡುವುದೇ ಇಲ್ಲ. ಗುಂಪು ಹೊಂದಿಸದೆ ಸಿಕ್ಕಿದ್ದನ್ನು ಕುಡಿಯುತ್ತಾನೆ. ಹೀಗೇ. ಕೆಳಗೆ ‘ರಕ್ತನಿಧಿ ಟೆಕ್ನಿಷಿಯನ್’ ಎಂದು ಒತ್ತಿ ಬರೆದೆ.

ಎರಡು ದಿನ ಬಿಟ್ಟು ನೋಡಿದರೆ ಪೆನ್ಸಿಲಿನಲ್ಲಿ ಉತ್ತರವಿತ್ತು. ‘ಐಸಿನ ವಿಷಯ ಒಪ್ಪಿದೆ. ಆರು ತಿಂಗಳು ನಿಮಗೆ ಹಳೆಯದು, ನಾನೂರು ವರ್ಷದವನಿಗೆ ನಿನ್ನೆ ಮೊನ್ನೆಯದು. ಗುಂಪು ಹೊಂದಿಸುವುದು ರಕ್ತ ಏರಿಸಿಕೊಳ್ಳುವವರಿಗೆ. ಕುಡಿಯುವವನಿಗೆ ಯಾಕೆ?’ ಸಹಿ: ರಕ್ತಪಿಶಾಚಿ.

ಗುಂಪಿನ ಮಾತು ಸರಿ ಇತ್ತು. ಆ ಸಾಲಿನ ಮೇಲೆ ಗೆರೆ ಎಳೆದು ‘ಹನ್ನೊಂದು’ ಎಂದು ತಿದ್ದಿದೆ. ಮಾರನೇ ದಿನ ಪೆನ್ಸಿಲ್ ಹೇಳಿತು: ‘ನಿಮ್ಮಂಥವರು ಒಂದು ತಪ್ಪು ಬಿಟ್ಟುಕೊಟ್ಟದ್ದೇ ನನಗೆ ಪ್ರಶಸ್ತಿ.’

ಆಮೇಲೆ ನನ್ನ ಕೆಲಸ ಕೆಟ್ಟಿತು. ಬೆಳಿಗ್ಗೆ ಬಂದವಳು ಕೋಟು ಹಾಕುವ ಮುಂಚೆ ಓದುವ ಕೋಣೆಗೆ ಓಡುತ್ತಿದ್ದೆ. ನನಗಿಂತ ಮೊದಲೇ ಲಾಂಡ್ರಿ ಅಕ್ಕ ಅಲ್ಲಿ ಬಗ್ಗಿ ಓದುತ್ತಿರುತ್ತಿದ್ದಳು. ಇಡೀ ಆಸ್ಪತ್ರೆ ಕಾದಂಬರಿ ಬಿಟ್ಟು ಹಾಳೆ ಓದತೊಡಗಿತ್ತು. ಒಂದು ದಿನ ಅಕ್ಕ ನನ್ನ ಗಲ್ಲ ಹಿಡಿದು, ಆ ಕಲ್ಲು ನೀನೇ ಅಂತ ನಮಗೆಲ್ಲ ಮೊದಲ ವಾರವೇ ಗೊತ್ತಾಗಿತ್ತು ಕಣೆ, ನಿನಗೆ ಗೊತ್ತಾಗಲಿ ಅಂತ ಕಾಯ್ತಿದ್ವಿ ಅಂದಳು.

ನಾನು ಹೋಗಿ ಬರೆದೆ: ‘ಹುಡುಗಿ ಕಲ್ಲಲ್ಲ. ತಲೆ ಎತ್ತಿದರೆ ಸೂಜಿ ತಪ್ಪುತ್ತದೆ.’

ಸಂಜೆಯ ಹೊತ್ತಿಗೆ ಅದರ ಕೆಳಗೆ ಎರಡೇ ಪದ ಸೇರಿದ್ದವು, ಸಣ್ಣಗೆ. ‘ತೆಗೆದ ಮೇಲೆ?’

ಆ ಪ್ರಶ್ನೆ ಮನಸ್ಸಿನಲ್ಲಿ ನಟ್ಟಿತು. ಎರಡು ದಿನ ನನ್ನ ಕುರ್ಚಿಗೆ ಬಂದವರ ಮುಖವನ್ನೆಲ್ಲ ಕಳ್ಳರನ್ನು ನೋಡುವ ಹಾಗೆ ನೋಡಿದೆ. ಏನೂ ಹೊಳೆಯಲಿಲ್ಲ. ಮೂರನೇ ದಿನ, ಶುಕ್ರವಾರ, ಊಟದ ಡಬ್ಬಿ ತೆರೆಯದೆ ಪುಸ್ತಕ ತೆರೆದೆ. ಹನ್ನೊಂದು ತಪ್ಪಿಗೆ ಹನ್ನೊಂದು ಚೀಟಿ ಇಟ್ಟೆ. ಆಗ ಕಂಡಿತು.

ಎಲ್ಲ ತಪ್ಪೂ ಬಾಗಿಲಾಚೆಗಿನವು. ನಮ್ಮಲ್ಲಿ ದಾನಿಯ ಕುರ್ಚಿ ಮುಂದಿನ ಕೋಣೆಯಲ್ಲಿ. ಫ್ರಿಜ್, ಪರೀಕ್ಷೆಯ ಯಂತ್ರ ಎಲ್ಲ ಒಳಕೋಣೆಯಲ್ಲಿ. ಒಳಕೋಣೆಯ ಬಗ್ಗೆ ಬರೆದದ್ದೆಲ್ಲ ತಪ್ಪು, ಕುರ್ಚಿಯ ಸುತ್ತಲಿನ ಒಂದೂ ತಪ್ಪಿರಲಿಲ್ಲ. ಹಿಸುಕಲು ಕೊಡುವ ಹಳದಿ ಚೆಂಡು, ಐದು ನಿಮಿಷ ಮುಂದಿರುವ ಗೋಡೆ ಗಡಿಯಾರ, ಎಲ್ಲ ಇದ್ದ ಹಾಗೇ. ಬರೆದವರು ಆ ಕುರ್ಚಿಯಲ್ಲಿ ಎಷ್ಟೋ ಸಲ ಕೂತವರು, ಬಾಗಿಲು ದಾಟದವರು.

ಮತ್ತೆ ಒಂಬತ್ತನೇ ಅಧ್ಯಾಯ. ಹುಡುಗಿಯೂ ರಕ್ತಪಿಶಾಚಿಯೂ ಲಿಫ್ಟಿನಲ್ಲಿ ಸಿಕ್ಕಿಬೀಳುತ್ತಾರೆ. ಹಗ್ಗ ತುಂಡಾದರೆ ಅಂತ ಅವಳು ಹೆದರುತ್ತಾಳೆ. ಅವನು ಹೇಳುತ್ತಾನೆ: ಹಗ್ಗ ಒಂದಲ್ಲ, ಉಕ್ಕಿನವು ಆರು, ಒಂದೊಂದೂ ನಮ್ಮನ್ನು ಹೊರುತ್ತದೆ. ಕರೆಂಟ್ ಹೋದರೆ ಬ್ರೇಕ್ ಬಿಡುವುದಿಲ್ಲ, ಹಿಡಿಯುತ್ತದೆ. ಕರೆಂಟ್ ಇದ್ದಾಗಲೇ ಅದು ಬಿಟ್ಟಿರುವುದು. ರಕ್ತ ಕುಡಿಯುವವನಿಗೆ ರಕ್ತದ ಬಗ್ಗೆ ಏನೂ ಗೊತ್ತಿಲ್ಲ, ಲಿಫ್ಟಿನ ಬಗ್ಗೆ ಎಲ್ಲ ಗೊತ್ತು.

ದಾನಿಗಳ ರಿಜಿಸ್ಟರ್ ತೆಗೆದೆ. ವೃತ್ತಿಯ ಕಾಲಮ್ಮಿನಲ್ಲಿ ಬೆರಳಾಡಿಸಿದೆ. ‘ಲಿಫ್ಟ್ ಮೆಕ್ಯಾನಿಕ್’, ಎಂಟು ಸಲ. ಪ್ರತಿ ಸಲವೂ ಪಕ್ಕದಲ್ಲಿ ನನ್ನದೇ ಸಹಿ. ಎರಡು ವರ್ಷ ಈ ಮನುಷ್ಯನ ತೋಳು ನನ್ನ ಕೈಯಲ್ಲಿತ್ತು. ಇದೇ ಮನುಷ್ಯನ ಬೆನ್ನಿಗೆ, ಲಿಫ್ಟ್ ಯಾವಾಗ ಸರಿ ಆಗುತ್ತೆ ಅಂತ ನಾನೇ ಎಷ್ಟು ಸಲ ರೇಗಿದ್ದೆನೋ.

ಓದುವ ಕೋಣೆಗೆ ಓಡಿದೆ. ಚಿಕ್ಕಮ್ಮ ಕನ್ನಡಕದ ಮೇಲಿಂದ ನೋಡಿ, ಇಷ್ಟು ದಿನ ಬೇಕಾಯ್ತಾ ಅಂದಳು. ಪುಸ್ತಕ ತಂದು ಕೊಟ್ಟವನೇ ಅವನು. ಹೇಳಬಾರದು ಅಂತ ಮಾತು ತೆಗೆದುಕೊಂಡಿದ್ದನಂತೆ. ಆಮೇಲೆ ನಿಧಾನವಾಗಿ ಇನ್ನೊಂದು ಹೇಳಿದಳು. ಲಿಫ್ಟಿನ ಗುತ್ತಿಗೆ ಬೇರೆ ಕಂಪನಿಗೆ ಹೋಗಿದೆ. ಸೋಮವಾರದಿಂದ ಅವನಿಗೆ ಬೇರೆ ಊರು. ಇವತ್ತು ಸಂಜೆ ಐದೂವರೆಗೆ ರೈಲು.

ಗಡಿಯಾರದಲ್ಲಿ ಮೂರೂವರೆ. ಲಿಫ್ಟಿಗೆ ಕಾಯುವ ತಾಳ್ಮೆ ಇರಲಿಲ್ಲ. ಏಳು ಮಹಡಿ ಮೆಟ್ಟಿಲು ಹತ್ತಿ ತಾರಸಿಯ ಮೇಲಿನ ಯಂತ್ರದ ಕೋಣೆ ತಲುಪಿದೆ. ಬೀಗ. ಎಣ್ಣೆ ಒರೆಸಿದ ಬಟ್ಟೆಯೊಂದನ್ನು ನೀಟಾಗಿ ಮಡಚಿ ಹೊಸ್ತಿಲ ಮೇಲೆ ಇಟ್ಟಿದ್ದರು. ಸತ್ತೆ ಅಂದುಕೊಂಡೆ. ಪುಸ್ತಕದ ಕೊನೆಯ ಪುಟ ನಿಜವಾಗಿಬಿಟ್ಟಿತ್ತು, ಅದೂ ನನ್ನ ಕಡೆಯಿಂದ. ಮತ್ತೆ ಏಳು ಮಹಡಿ ಇಳಿದೆ.

ಕೆಳಗೆ ನನ್ನ ಕೋಣೆಯ ಕುರ್ಚಿಯಲ್ಲಿ ಒಂದು ತೋಳು ಕಾಯುತ್ತಿತ್ತು. ಅಂಗಿ ಮೊಣಕೈವರೆಗೆ ಮಡಚಿದ್ದು. ಉಕ್ಕಿನ ಹಗ್ಗ ಉಜ್ಜಿದ ಹಳೆಯ ಗಾಯ, ಅದರ ಪಕ್ಕದಲ್ಲಿ ಹಾಯುವ ನರ, ಮಧ್ಯೆ ಒಂದು ಸಣ್ಣ ತಿರುವು. ಈ ನರವನ್ನು ನಾನು ಕಣ್ಣು ಮುಚ್ಚಿ ಹುಡುಕಬಲ್ಲೆ.

ಏದುಸಿರು ಬಿಡುತ್ತಾ ಎದುರು ಕೂತೆ. ಅಭ್ಯಾಸ ನೋಡಿ, ಮೊದಲು ಬಾಯಿಗೆ ಬಂದದ್ದು ನಿಯಮ.

“ಇವತ್ತಿಗೆ ಎಂಬತ್ತೊಂಬತ್ತು ದಿನ,” ಎಂದೆ ತೋಳಿಗೆ. “ತೊಂಬತ್ತು ತುಂಬದೆ ತಗೊಳ್ಳೋ ಹಾಗಿಲ್ಲ.”

“ಗೊತ್ತು.”

“ಗೊತ್ತಿದ್ದೂ ಬಂದ್ರಾ? ನಾನು ಎಣಿಸಲ್ಲ ಅಂದ್ಕೊಂಡ್ರಾ?”

“ಎಣಿಸ್ತೀರಿ ಅಂತಲೇ ಬಂದೆ. ಎಣಿಸಿದ್ರೆ ಚುಚ್ಚಲ್ಲ. ಚುಚ್ಚದಿದ್ರೆ ತಲೆ ಬಗ್ಗಿಸೋ ಕೆಲಸ ಇಲ್ಲ.”

ತಲೆ ಎತ್ತಿದೆ.

ಚೆಂದದ ಮುಖವೇನಲ್ಲ. ಕಿವಿ ದೊಡ್ಡದು. ಎಡ ಹುಬ್ಬಿನಲ್ಲಿ ಕೂದಲಿಲ್ಲದ ಒಂದು ಗೆರೆ. ಒಂದು ಕೋರೆಹಲ್ಲು ಉಳಿದವಕ್ಕಿಂತ ಸ್ವಲ್ಪ ಮುಂದೆ ಬಂದು ನಿಂತಿತ್ತು. ಕಣ್ಣು ನನ್ನ ಮೇಲೆ ಇಡಲೋ ಬೇಡವೋ ಎಂದು ಗಡಿಯಾರಕ್ಕೆ ಹೋಗಿ, ಹಳದಿ ಚೆಂಡಿಗೆ ಬಂದು, ಮತ್ತೆ ನನ್ನ ಹತ್ತಿರ ಬಂತು. ನಾನು ಕದಲಲಿಲ್ಲ. ಎರಡು ವರ್ಷದ್ದು ನೋಡಬೇಕಿತ್ತು.

“ಕಾಣಿಸ್ತಿದೀನಾ?” ಎಂದರು.

“ಕಾಣಿಸ್ತಿದೀರಿ.”

ಅವರ ಕಿವಿ ಕೆಂಪಾಯಿತು. ನನಗೆ ಬೈಯಬೇಕಿದ್ದದ್ದು ಆಗ ನೆನಪಾಯಿತು. ನನ್ನ ಮಾತನ್ನು ನನ್ನನ್ನೇ ಕೇಳದೆ ಅಚ್ಚು ಹಾಕಿಸಿದ್ದು ಯಾವ ನ್ಯಾಯ ಅಂತ ಕೇಳಿದೆ. ಆರು ಸಲ ಕೇಳೋಣ ಅಂತಲೇ ಬಂದೆ, ಆರು ಸಲವೂ ಮುಷ್ಟಿ ಬಿಗಿ ಹಿಡೀರಿ ಅಂದ್ರಿ ಅಂದರು. ಏಳನೇ ಸಲಕ್ಕೆ ಪುಸ್ತಕವೇ ಆಗಿಹೋಗಿತ್ತಂತೆ. ಎಂಟನೇ ಸಲ ಅದನ್ನು ಚೀಲದಲ್ಲಿ ತಂದಿದ್ದರಂತೆ, ಕೊಡಲು ಧೈರ್ಯ ಸಾಲದೆ ಹೋಗಿ ಚಿಕ್ಕಮ್ಮನ ಮೇಜಿನ ಮೇಲಿಟ್ಟರಂತೆ. ನಾನು ನಗಬಾರದು ಅಂದುಕೊಂಡೇ ನಕ್ಕೆ.

“ನಾಳೆ ಬನ್ನಿ,” ಎಂದೆ. “ನಾಳೆಗೆ ತೊಂಬತ್ತು ತುಂಬುತ್ತೆ.”

“ಐದೂವರೆಗೆ ರೈಲು.”

“ಕೆಲಸ ಸೋಮವಾರಕ್ಕಲ್ವಾ?”

ಅವರು ನನ್ನನ್ನೇ ನೋಡಿದರು. ಮಡಚಿದ ತೋಳನ್ನು ಇಳಿಸಿ, ಗುಂಡಿ ಹಾಕಿ, ಮತ್ತೆ ಬಿಚ್ಚಿದರು.

“ನಾಳೆ ಬರ್ತೀನಿ. ಆಮೇಲೆ? ಇನ್ನು ಮೂರು ತಿಂಗಳಾ?”

ಜೀವಮಾನದಲ್ಲಿ ನಾನು ಯಾವ ನಿಯಮವನ್ನೂ ಸಡಿಲ ಮಾಡಿದವಳಲ್ಲ. ಇದನ್ನೂ ಮಾಡಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ತೊಂಬತ್ತು ದಿನದ ನಿಯಮ ರಕ್ತಕ್ಕೆ ಮಾತ್ರ.”

ಬಾಗಿಲಿನ ಗಾಜಿನಾಚೆ ಏನೋ ದಢಾರನೆ ಬಿತ್ತು. ನೋಡಿದರೆ ಚಿಕ್ಕಮ್ಮ, ಲಾಂಡ್ರಿ ಅಕ್ಕ, ಅವರ ಕಾಲ ಬುಡದಲ್ಲಿ ಅಷ್ಟಗಲ ಹರಡಿದ ಬೆಡ್‌ಶೀಟ್ ಗಂಟು. ನಾವೇನೂ ನೋಡಲಿಲ್ಲ ಅಂತ ಇಬ್ಬರೂ ಒಟ್ಟಿಗೇ ಅಂದರು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೇ ಅವರು ಬಂದರು. ಮೊದಲು ಓದುವ ಕೋಣೆಗೆ ಹೋಗಿ, ಚಿಕ್ಕಮ್ಮನ ಅಪ್ಪಣೆ ಕೇಳಿ, ಪುಸ್ತಕದ ಕೊನೆಯ ಪುಟ ಹರಿದು, ಆ ಜಾಗಕ್ಕೆ ಪೆನ್ಸಿಲಿನಲ್ಲಿ ಬರೆದ ಹೊಸ ಹಾಳೆ ಅಂಟಿಸಿದರು. ಅದರಲ್ಲಿ ಹುಡುಗಿ ಸೂಜಿ ತೆಗೆದು, ಹತ್ತಿ ಒತ್ತಿ, ತಲೆ ಎತ್ತುತ್ತಾಳೆ. ಚರ್ಮದ ಡಾಕ್ಟರ್ ಮಧ್ಯಾಹ್ನವೇ ಅಭಿಪ್ರಾಯ ಬರೆದರು, ಇದು ಮೊದಲೇ ಹೀಗಿರಬೇಕಿತ್ತು, ಸನ್‌ಸ್ಕ್ರೀನ್ ಮಾತ್ರ ಇನ್ನೂ ಸರಿಹೋಗಿಲ್ಲ ಅಂತ.

ಹಾಳೆ ಅಂಟಿಸಿದ ಮೇಲೆ ಅವರು ನನ್ನ ಕುರ್ಚಿಗೆ ಬಂದು ತೋಳು ಮಡಚಿದರು. ನಾನು ನರವನ್ನು ಎರಡು ಸಲ ತಟ್ಟಿದೆ. ಮುಷ್ಟಿ ಬಿಗಿ ಹಿಡೀರಿ ಎಂದೆ. ಉಸಿರಲ್ಲ ಅಂತ ಅವರೇ ಮುಗಿಸಿದರು. ಅದಕ್ಕೆ ತಲೆ ಎತ್ತಿದೆ, ಸೂಜಿ ಕೈಯಲ್ಲಿರುವಾಗಲೇ. ತಪ್ಪಿತು. ಎರಡನೇ ಸಲ ಚುಚ್ಚಬೇಕಾಯಿತು. ಅವರು ಹಾ ಅನ್ನಲಿಲ್ಲ, ಆ ಮುಂದೆ ಬಂದ ಹಲ್ಲು ತೋರಿಸಿ ನಗುತ್ತಾ ಕೂತಿದ್ದರು.

ಆ ಎರಡು ದಿನದಲ್ಲಿ ಹೋದದ್ದು ಇಷ್ಟು: ಒಂದು ರೈಲು, ಒಂದು ಹಳೆಯ ಕೊನೆಯ ಪುಟ, ಒಂದೇ ಏಟಿಗೆ ನರ ಹಿಡಿಯುವವಳೆಂಬ ನನ್ನ ಆರು ವರ್ಷದ ಹೆಸರು, ಮುನ್ನೂರೈವತ್ತು ಎಂ.ಎಲ್. ರಕ್ತ.