ಕಾಳು ಕಟ್ಟುವ ಮುನ್ನ

"ಏ... ಏನ್ ಮಾಡಾಕತ್ತೀರಿ? ಎಲಿಗೆಲ್ಲಾ ತೂತ ಹೊಡದ್ರ ಗಿಡ ಬದಕ್ತಾವೇನು?!"

ಜುಲೇಖಾಳ ಕೂಗಿಗೆ, ಕುಸುಬಿ ಸಾಲಿನಲ್ಲಿ ಕೂತಿದ್ದ ಯುವಕ ಬೆಚ್ಚಿ ಎದ್ದು ನಿಂತ.

"ನಾ ಆಶಿಕ ರೀ. ಧಾರವಾಡದಿಂದ ಬಂದೇನಿ, ಎಣ್ಣಿಬೀಜದ ಹೊಸಾ ತಳಿ ಮಾಡೂ ಕೆಲಸ. ನಿಮ್ಮ ಅಬ್ಬಾನ ಈ ತುಂಡ ಹೊಲಾ ಕೊಟ್ಟಾರ..."

ಮುಶಿಗೇರಿಯ ಮದರಸಾಬನ ಒಬ್ಬಳೇ ಮಗಳು ಜುಲೇಖಾ. ಗಜೇಂದ್ರಗಡದಲ್ಲಿದ್ದ ಅವರ ಎಣ್ಣೆ ಗಾಣ ನೋಡಿಕೊಳ್ಳುವವಳು ಅವಳೇ. ಬೀಜ ಹಿಂಡಿ ಎಣ್ಣೆ ತೆಗೆಯುವುದು ಗೊತ್ತು. ಎಲೆಯಲ್ಲಿ ಎಣ್ಣೆ ಹುಡುಕುವವನನ್ನು ಕಂಡದ್ದು ಇದೇ ಮೊದಲು!

"ಎಲ್ಯಾಗ ಏನ್ ಸಿಗತೈತ್ರಿ?"

"ಡಿಎನ್‌ಎ. ಹಿಂದ ಬೆಳದ ಸಾವಿರಾರು ಗಿಡದ ಡಿಎನ್‌ಎ, ಅವು ಕೊಟ್ಟ ಎಣ್ಣಿ, ಎರಡೂ ಕಂಪ್ಯೂಟರಿಗೆ ಕಲಿಸೇವಿ. ಈಗ ಎಲಿ ನೋಡೇ ಯಾವ ಗಿಡ ಎಣ್ಣಿ ಹೆಚ್ಚು ಕೊಡತೈತಿ ಅಂತ ಅಂದಾಜ ಮಾಡಬಹುದು. ಕಾಳ ಕಟ್ಟೂತನಕ ಕಾಯೂದು ಬ್ಯಾಡ. ತಳಿ ಲಗೂ ಬರತೈತಿ."

"ಅಂದಾಜ ತಪ್ಪಿದ್ರ?"

ಆಶಿಕ ನಕ್ಕ. "ತಪ್ಪಬಹುದು. ಅದಕ್ಕ ಕಂಪ್ಯೂಟರ ಕಮ್ಮಿ ಅಂದ ಗಿಡಾನೂ ಒಂದಿಷ್ಟು ಬೆಳೆಸಿ ನೋಡ್ತೀವಿ."

ಆಮೇಲೆ ಅವನು ಬಂದಾಗಲೆಲ್ಲ ಅವಳ ಬಳಿ ಹೊಸ ಪ್ರಶ್ನೆ ಇರುತ್ತಿತ್ತು. ಪ್ರಶ್ನೆ ಮುಗಿದರೆ ಮಾತೂ ಮುಗಿಯುತ್ತದಲ್ಲ... ಹೀಗನಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಆದರೆ ಮೊಗ್ಗು ಮೂಡುವ ಹೊತ್ತಿಗೆ ಆಶಿಕ ಬರಲೇ ಇಲ್ಲ! ಅಬ್ಬಾಗೆ ಅವನ ಫೋನು ಮಾತ್ರ ಬಂತು: ಹೂ ಬಿಟ್ಟರೆ ಪರಾಗ ಬೆರೆಯುತ್ತದೆ, ಎಣ್ಣೆ ಕಮ್ಮಿ ಎಂದು ಗುರುತು ಹಾಕಿದ ಗಿಡಗಳನ್ನು ಕೀಳಿಸಿ, ಪರೀಕ್ಷೆಗೆ ಒಂದಿಷ್ಟನ್ನು ಮಾತ್ರ ಚೀಲ ಕಟ್ಟಿ ಉಳಿಸಿ.

ಬದುವಿನ ಮೇಲೆ ಬಾಡಿ ಬಿದ್ದ ಗಿಡಗಳನ್ನು ಕಂಡು ಜುಲೇಖಾಳಿಗೆ ಅಳು ತಡೆಯಲಾಗಲಿಲ್ಲ. 'ಕೆಲಸ ಮುಗೀತು... ನನಗ ಒಂದ್ ಮಾತ ಹೇಳಬೇಕಂತನೂ ಅನಸಲಿಲ್ಲ!'

ಸುಗ್ಗಿ ಮುಗಿದ ಮೇಲೆ, ಒಂದು ಮಧ್ಯಾಹ್ನ ಅವನು ಗಾಣದ ಬಾಗಿಲಲ್ಲಿ ನಿಂತಿದ್ದ.

ಸಿಟ್ಟಿದ್ದರೂ ಕುತೂಹಲ ಸುಮ್ಮನಿರಲಿಲ್ಲ. "ಅಂದಾಜ ಏನಾತು?"

"ನಿಮ್ಮ ಅಬ್ಬಾ ಕಳಿಸಿದ ಕಾಳ ಪರೀಕ್ಷಾ ಮಾಡಿದೆ, ಭಾಳಷ್ಟು ಖರೇ ಬಂತು. ಕಮ್ಮಿ ಅಂದ ಗಿಡದಾಗ ಎಣ್ಣಿ ಕಮ್ಮೀನ ಐತಿ."

"ಚಲೋ ಆತು. ಹೋಗ್ರಿ ಇನ್ನ."

ಅವನು ಕದಲಲಿಲ್ಲ. "ನರಗುಂದದವ್ರ ಜೋಡಿ ನಿಮ್ಮ ಶಾದಿ ಯಾವಾಗ್ರಿ?"

"ಏನು?!"

"ಸಂಬಂಧ ಬಂದೈತಿ ಅಂತ ಅಬ್ಬಾ ಹೇಳಿದ್ರು. ಅದಕ್ಕ ನಾ ಬರೂದ ಬಿಟ್ಟೆ..."

"ಬಂದಿತ್ತು, ನಾ ಒಲ್ಲೆ ಅಂದೆ! ನನ್ನ ಒಂದ್ ಮಾತ ಕೇಳಾಕ ನಿಮಗ ಬಾಯಿರಲಿಲ್ಲೇನು?"

"ಹೆದರಿದ್ದೆ, ಜುಲೇಖಾ. ಆ ಸಂಬಂಧಕ್ಕ ನೀವು ಹೌದು ಅಂದಿದ್ರ ತಡಕೊಳ್ಳಾಕ ಆಗತಿರಲಿಲ್ಲ." ಅವನ ದನಿ ಇಳಿಯಿತು. "ಈಗ ಕೇಳ್ತೀನಿ. ನನ್ನ ಶಾದಿ ಆಗ್ತೀರೇನು?"

ಜುಲೇಖಾ ಅಷ್ಟೊತ್ತೂ ಸದ್ದು ಮಾಡುತ್ತಿದ್ದ ಗಾಣದ ಮೋಟಾರು ಆರಿಸಿದಳು.

"ಏನಂದ್ರಿ? ಸಪ್ಪಳದಾಗ ಕೇಳಲಿಲ್ಲ..."

ಕೇಳಿತ್ತು. ಇನ್ನೊಮ್ಮೆ ಕೇಳುವ ಆಸೆ, ಅಷ್ಟೇ!

ಅವನು ಮತ್ತೆ ಹೇಳಿದ. ಈ ಸಲ ಸ್ಪಷ್ಟವಾಗಿ, ಅವಳ ಕಣ್ಣನ್ನೇ ನೋಡುತ್ತ.

"ಹ್ಞೂಂ ರೀ," ಅವಳ ಕಣ್ಣು ತುಂಬಿತು. "ಆದ್ರ ಅಬ್ಬಾಗ ನೀವ ಹೇಳಬೇಕು."

"ಅವರು ಸಿಟ್ಟಾದ್ರ?"

"ಆಗಲಿ... ನಾ ನಿಮ್ಮ ಮಗ್ಗಲದಾಗ ನಿಂತಿರ್ತೀನಿ."